ಮೊದಲ ಸಲ ಗ್ರಾಮ ಪಂಚಾಯತಿಗೆ ನಿಲ್ಲಬೇಕೆಂದಿದ್ದೇನೆ, ತಿಳಿದವರು ದಾರಿ ಹೇಳಿ

ಅಘನಾಶಿನಿ ದಂಡೆ, ಕುಮಟಾ

ಎಲ್ಲರಿಗೂ ನಮಸ್ಕಾರ. ಅಘನಾಶಿನಿ ಸಮುದ್ರ ಸೇರುವುದಕ್ಕೆ ತುಸು ಮೊದಲು, ಗಜನಿ ಗದ್ದೆಗಳ, ಎಂದರೆ ಉಬ್ಬರದ ಉಪ್ಪುನೀರು ಏರುವ ತಗ್ಗು ಗದ್ದೆಗಳ, ಅಂಚಿನಲ್ಲಿ ನಮ್ಮ ಕೇರಿ ಇದೆ. ತೊಂಬತ್ತು ಮನೆ. ನನಗೆ 38 ವರ್ಷ. ಹೊಲಿಗೆ ಕೆಲಸ ಮಾಡುತ್ತೇನೆ. ಎಂಟು ವರ್ಷಗಳಿಂದ ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿರುವವಳು ನಾನೇ. ಗಂಡ ಗೋವಾದ ಹೋಟೆಲೊಂದರಲ್ಲಿ ಅಡುಗೆ ಕೆಲಸದಲ್ಲಿದ್ದಾರೆ, ತಿಂಗಳಿಗೊಮ್ಮೆ ಬರುತ್ತಾರೆ. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಚುನಾವಣೆಗೆ ನಿಂತವರು ಯಾರೂ ಇಲ್ಲ. ಯಾವ ಪಕ್ಷದ ಸಭೆಗೂ ನಾನು ಹೋದವಳಲ್ಲ.

ನಿಲ್ಲಬೇಕೆನ್ನಿಸಿದ್ದು ನೀರಿಗಾಗಿ. ಫೆಬ್ರವರಿ ಕಳೆಯುತ್ತಿದ್ದಂತೆ ನಮ್ಮ ಬಾವಿಗಳಿಗೆ ಉಪ್ಪು ಏರುತ್ತದೆ. ಏಪ್ರಿಲ್ ಹೊತ್ತಿಗೆ ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ, ಅದೂ ಮುಖ್ಯರಸ್ತೆಯ ತಿರುವಿನವರೆಗೆ. ಅಲ್ಲಿಂದ ಗಜನಿಯ ಒಡ್ಡಿನ ಮೇಲೆ ಕೊಡ ಹೊತ್ತು ನಡೆಯಬೇಕು. ಕಳೆದ ಬೇಸಿಗೆಯಲ್ಲಿ ನಮ್ಮ ಅತ್ತೆ ಅಲ್ಲಿಯೇ ಜಾರಿ ಬಿದ್ದು ಮುಂಗೈ ಮುರಿದುಕೊಂಡರು. ಮರುದಿನ ಪಂಚಾಯತಿಗೆ ಹೋಗಿ ಕೇಳಿದೆ. "ನಿಮ್ಮ ಕೇರಿಯಿಂದ ವಾರ್ಡ್ ಸಭೆಗೆ ಬೇಡಿಕೆಯೇ ಬಂದಿಲ್ಲವಲ್ಲಮ್ಮ" ಎಂದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ಸಭೆ ಯಾವಾಗ ಎಂದು ನಮಗೆ ಯಾರೂ ಹೇಳಿರಲಿಲ್ಲ. ನಾವೂ ಒಂದು ದಿನ ಕೇಳಿರಲಿಲ್ಲ.

ಹಣವಿಲ್ಲದೆ, ಪಕ್ಷವಿಲ್ಲದೆ ನನ್ನಂಥವಳು ನಿಲ್ಲಬಹುದೇ? ಎಲ್ಲಿಂದ ಶುರು ಮಾಡಬೇಕು? ನಿಂತವರು, ಗೆದ್ದವರು, ಸೋತವರು ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಅಡಿಕೆ ತೋಟ, ಶಿರಸಿ

ತಂಗಿ, ಬೇಸರ ಮಾಡಿಕೊಳ್ಳಬೇಡಿ. ನನ್ನ ಸಲಹೆ ಕೇಳಿದರೆ ನಿಲ್ಲಬೇಡಿ ಎಂದೇ ಹೇಳುತ್ತೇನೆ.

2015ರಲ್ಲಿ ನನ್ನ ತಮ್ಮ ಪಂಚಾಯತಿಗೆ ನಿಂತಿದ್ದ. ಎದುರಿಗೆ ನಿಂತವರು ಪಕ್ಕದ ಮನೆಯವರು. ಅವರ ತೋಟದ ಅಂಚಿಗೇ ನಮ್ಮ ತೋಟ, ಎರಡೂ ಮನೆಗೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಬ್ಬನೇ, ಅವರ ಒಲೆಯಲ್ಲಿ ನಮ್ಮ ಅಡಿಕೆ ಬೆಂದ ವರ್ಷಗಳೂ ಇದ್ದವು. ಚುನಾವಣೆ ಮುಗಿದ ಮೇಲೆ ಹಳ್ಳದ ನೀರು ತಿರುಗಿಸುವ ವಿಷಯಕ್ಕೆ ಜಗಳವಾಯಿತು. ಈಗಲೂ ಮಾತಿಲ್ಲ. ತಮ್ಮ ಗೆದ್ದ. ಆದರೆ ನಮ್ಮ ತಾಯಿ ತೀರಿಕೊಂಡಾಗ ಆ ಮನೆಯಿಂದ ಯಾರೂ ಬರಲಿಲ್ಲ. ಅಸೆಂಬ್ಲಿ ಚುನಾವಣೆಯ ದ್ವೇಷ ದೂರದಲ್ಲಿರುತ್ತದೆ, ಪಂಚಾಯತಿಯ ದ್ವೇಷ ಅಂಗಳಕ್ಕೇ ಬರುತ್ತದೆ. ಸಂಘದ ಲೆಕ್ಕ ಬರೆಯುತ್ತಾ ಎಂಟು ವರ್ಷ ಗಳಿಸಿದ ನಂಬಿಕೆ ನಿಮ್ಮದು. ಅದನ್ನು ಪಣಕ್ಕಿಡುವ ಮೊದಲು ಹತ್ತು ಸಲ ಯೋಚಿಸಿ.

ಎರಡು ಅವಧಿಯ ಸದಸ್ಯೆ, ಸಿದ್ದಾಪುರ

ಶಿರಸಿಯ ಅಣ್ಣ ಹೇಳಿದ್ದು ಸುಳ್ಳಲ್ಲ. ನಾನೂ ಅಂಥದ್ದನ್ನು ಉಂಡವಳು. ಆದರೂ ತಂಗಿ, ನಿಲ್ಲಿ ಎನ್ನುತ್ತೇನೆ. ನಾನು 2010ರಲ್ಲಿ ಮೊದಲ ಸಲ ಗೆದ್ದೆ, 2015ರಲ್ಲಿ ಮತ್ತೆ ಗೆದ್ದೆ. ನಿಲ್ಲುವಾಗ ನನಗೆ ತಿಳಿದಿದ್ದಕ್ಕಿಂತ ನಿಮಗೆ ಈಗಲೇ ಹೆಚ್ಚು ತಿಳಿದಿದೆ, ಏಕೆಂದರೆ ಬೇಡಿಕೆ ಎಲ್ಲಿ ತಪ್ಪಿತು ಎನ್ನುವುದು ನಿಮಗೆ ಗೊತ್ತು.

ಮೊದಲು ನಿಮ್ಮ ವಾರ್ಡಿನ ಲೆಕ್ಕ ಮಾಡಿ. ನಮ್ಮ ಕಾಯ್ದೆಯಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ. ಎರಡು ಸ್ಥಾನಗಳ ವಾರ್ಡ್ ಎಂದರೆ ಸುಮಾರು 800 ಜನ, ಮತದಾರರು ಆರುನೂರರ ಆಸುಪಾಸು. ಮತ ಹಾಕಲು ಬರುವವರು ಐನೂರು ಎಂದಿಟ್ಟುಕೊಳ್ಳಿ. ಗೆಲುವು ಸೋಲು ನಿರ್ಧಾರವಾಗುವುದು ಇನ್ನೂರರ ಆಚೆ ಈಚೆ. ಇನ್ನೂರು ಮತ ಎಂದರೆ ಎಪ್ಪತ್ತು ಎಂಬತ್ತು ಮನೆ. ನಿಮ್ಮ ಒಂದು ಕೇರಿಯಲ್ಲೇ ತೊಂಬತ್ತು ಮನೆಗಳಿವೆ. ಹಣವಿಲ್ಲ ಎಂದು ಹೆದರುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಮೈಕು, ಬ್ಯಾನರು, ವಾಹನ ಇಲ್ಲದೆ ಕಾಲ್ನಡಿಗೆಯಲ್ಲೇ ಮುಗಿಯುವ ಚುನಾವಣೆ ಇದು. ಪಕ್ಷದ ಚಿಹ್ನೆಯೂ ಇಲ್ಲಿ ಇಲ್ಲ. ಒಳಗೊಳಗೆ ಪಕ್ಷಗಳು ಬೆಂಬಲ ಕೊಡುತ್ತವೆ, ಅದು ಎಲ್ಲರಿಗೂ ಗೊತ್ತು. ಆದರೆ ಮತಪತ್ರದ ಮೇಲೆ ನಿಮ್ಮ ಹೆಸರು, ಆಯೋಗದ ಪಟ್ಟಿಯಿಂದ ಸಿಕ್ಕ ಒಂದು ಚಿಹ್ನೆ, ಅಷ್ಟೇ.

ಎರಡನೆಯದು, ನೀರಿನ ಲೆಕ್ಕ. "ನೀರು ಕೊಡಿಸುತ್ತೇನೆ" ಎಂದು ಯಾರ ಮನೆಯಲ್ಲೂ ಹೇಳಬೇಡಿ, ಎಲ್ಲರೂ ಹಾಗೆಯೇ ಹೇಳಿಕೊಂಡು ಬರುತ್ತಾರೆ. ಜಲಜೀವನ ಮಿಷನ್ ಇಟ್ಟುಕೊಂಡಿರುವ ಅಳತೆ ದಿನಕ್ಕೆ ತಲಾ 55 ಲೀಟರ್. ತೊಂಬತ್ತು ಮನೆ, ಮನೆಗೆ ನಾಲ್ಕು ಜನ ಎಂದರೆ 360 ಜನ. ದಿನಕ್ಕೆ 19,800 ಲೀಟರ್ ಬೇಕು. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ ನಾಲ್ಕು ಸಲ ಬರಬೇಕು, ನಿಮಗೆ ಬರುವುದು ಎರಡು ದಿನಕ್ಕೊಮ್ಮೆ. ಈ ಲೆಕ್ಕವನ್ನು ನೀವು ಸಭೆಯಲ್ಲಿ ಓದಿ ಹೇಳಿದ ದಿನ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ತಲೆಯೆತ್ತಿ ನೋಡುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯದು, ಯಾವುದು ಪಂಚಾಯತಿಯ ಕೈಯಲ್ಲಿದೆ ಎನ್ನುವುದು. ಬಾವಿಯ ಹೂಳು ತೆಗೆಸುವುದು, ನೀರಿನ ತೊಟ್ಟಿ, ಕೊಳವೆ ದುರಸ್ತಿ, ಟ್ಯಾಂಕರ್ ಎಲ್ಲಿಯವರೆಗೆ ಬರಬೇಕೆನ್ನುವುದು, ಬೀದಿದೀಪ, ಇವೆಲ್ಲ ಪಂಚಾಯತಿಯಲ್ಲೇ ಆಗುವಂಥವು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ನಿಮ್ಮ ಪಂಚಾಯತಿಯಲ್ಲಿ ಆ ಹಣ ಯಾವ ಕೇರಿಗೆ ಹೋಯಿತು ಎಂದು ಜಮಾಬಂದಿಯ, ಎಂದರೆ ಪಂಚಾಯತಿಯ ವರ್ಷದ ಲೆಕ್ಕ ತಪಾಸಣೆಯ, ಕಾಗದಗಳಲ್ಲಿ ನೋಡಿ. ಆದರೆ ಗಜನಿಗೆ ಉಪ್ಪುನೀರು ನುಗ್ಗದಂತೆ ತಡೆಯುವ ಖಾರ್‌ಲ್ಯಾಂಡ್ ಒಡ್ಡು ಸಣ್ಣ ನೀರಾವರಿ ಇಲಾಖೆಯ ಕೆಲಸ. ಅದನ್ನು ನಾನು ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟರೆ ಐದು ವರ್ಷ ಸುಳ್ಳುಗಾರಳಾಗಿ ಬದುಕಬೇಕಾಗುತ್ತದೆ. ಪಂಚಾಯತಿಯಿಂದ ಠರಾವು ಮಾಡಿ ಕಳಿಸುತ್ತೇನೆ, ಬೆನ್ನು ಹತ್ತುತ್ತೇನೆ ಎನ್ನಬಹುದು.

ಗಂಡನ ವಿಷಯ ಆಮೇಲೆ ಬರೆಯುತ್ತೇನೆ. ಹಟ್ಟಿಗೆ ಹೋಗುವ ಹೊತ್ತಾಯಿತು.

ಕಾರವಾರದವನು, ಈಗ ಬೆಂಗಳೂರಿನಲ್ಲಿ

ಅಕ್ಕಾ, ನಿಮ್ಮ ಧೈರ್ಯಕ್ಕೆ ನಮಸ್ಕಾರ. ಆದರೆ ನನಗೊಂದು ಪ್ರಶ್ನೆ ಇದೆ. ಬಾವಿ, ಬೀದಿದೀಪ ಎಂದು ಪಂಚಾಯತಿಯಲ್ಲೇ ಕುಳಿತರೆ ನಮ್ಮ ಜಿಲ್ಲೆಯ ದೊಡ್ಡ ದುಃಖಗಳನ್ನು ಕೇಳುವವರು ಯಾರು? ಅಪಘಾತವಾದರೆ ಇವತ್ತಿಗೂ ಗೋವಾ, ಮಣಿಪಾಲ, ಹುಬ್ಬಳ್ಳಿಗೆ ಓಡಬೇಕು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮೂರು ವಾರದಲ್ಲಿ, ಆಗಸ್ಟ್ 7ರಂದು, ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಆ ಸೇತುವೆಯ ಮೇಲೆ ಸೈಕಲ್ ತುಳಿದುಕೊಂಡು ಸದಾಶಿವಗಡಕ್ಕೆ ಹೋಗುತ್ತಿದ್ದ ಹುಡುಗ ನಾನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂದಿನ ಸಲ ಪಕ್ಷೇತರನಾಗಿ ವಿಧಾನಸಭೆಗೇ ನಿಲ್ಲಬೇಕೆಂದು ನಾವು ನಾಲ್ಕು ಗೆಳೆಯರು ಮಾತನಾಡುತ್ತಿದ್ದೇವೆ. ಹೊಸಬರು ದೊಡ್ಡ ಕಡೆಯಿಂದಲೇ ಏಕೆ ಶುರು ಮಾಡಬಾರದು?

ವಕೀಲೆ, ಅಂಕೋಲಾ

ತಮ್ಮಾ, ಶುರು ಮಾಡಬಹುದು, ಕಾನೂನಿನ ಅಡ್ಡಿ ಇಲ್ಲ. ಆದರೆ ಅಳತೆ ಗೊತ್ತಿರಲಿ.

ವಿಧಾನಸಭೆಗೆ ನಿಲ್ಲಲು 25 ವರ್ಷ ಆಗಿರಬೇಕು, ಪಂಚಾಯತಿಗೆ 21 ಸಾಕು. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ನಾಮಪತ್ರದಲ್ಲಿ ಹೆಸರು ಸೂಚಿಸಿ ಸಹಿ ಮಾಡುವ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ ಹತ್ತು ಮತದಾರರ ಸಹಿ ಬೇಕು. ಅದರಲ್ಲಿ ಒಬ್ಬರ ಮತದಾರರ ಪಟ್ಟಿಯ ಭಾಗ ಸಂಖ್ಯೆ ತಪ್ಪಾದರೂ ಪರಿಶೀಲನೆಯ ದಿನ ತೊಂದರೆ. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5,000. ಚಲಾವಣೆಯಾದ ಮತಗಳ ಆರನೇ ಒಂದು ಭಾಗ ಸಿಗದಿದ್ದರೆ ಅದು ಹೋಯಿತು. ಆಸ್ತಿ, ಸಾಲ, ಮೊಕದ್ದಮೆಗಳನ್ನೆಲ್ಲ ತೋರಿಸುವ 26ನೇ ನಮೂನೆಯ ಪ್ರಮಾಣಪತ್ರದಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡುವಂತಿಲ್ಲ. ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ತೆರೆಯಬೇಕು. 2022ರಿಂದ ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿ 40 ಲಕ್ಷ. ಫಲಿತಾಂಶದ 30 ದಿನದೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹರಾಗಬಹುದು. ಸೋತವರು ಈ ಲೆಕ್ಕವನ್ನು ಮರೆತುಬಿಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಇನ್ನು ಕಾರವಾರ ಕ್ಷೇತ್ರವೆಂದರೆ ಅಂಕೋಲಾ ತಾಲ್ಲೂಕೂ ಸೇರಿದ್ದು. ನಮ್ಮ ಒಳನಾಡಿನ ಹಳ್ಳಿಗಳಿಗೆ ನಾಲ್ಕು ಗೆಳೆಯರು ವಾರಾಂತ್ಯಕ್ಕೆ ಬಂದು ಹೋದರೆ ಯಾರೂ ಗುರುತು ಹಿಡಿಯುವುದಿಲ್ಲ. ನಿಮ್ಮ ಮತದಾರರ ಗುರುತಿನ ಚೀಟಿ ಈಗ ಎಲ್ಲಿಯದು ಎಂಬುದನ್ನಾದರೂ ನೋಡಿಕೊಂಡಿದ್ದೀರಾ?

ಕಾರವಾರದವನು, ಈಗ ಬೆಂಗಳೂರಿನಲ್ಲಿ

ಚೀಟಿ ಬೆಂಗಳೂರಿನ ವಿಳಾಸಕ್ಕೆ ಬದಲಾಗಿದೆ. ಹತ್ತು ಸೂಚಕರ ವಿಷಯ ನನಗೆ ತಿಳಿದಿರಲಿಲ್ಲ. ಧನ್ಯವಾದ ಅಕ್ಕಾ.

ನಿವೃತ್ತ ಮಾಸ್ತರ, ಅಂಕೋಲಾ

ಹುಡುಗನ ಉತ್ಸಾಹಕ್ಕೆ ತಣ್ಣೀರು ಬೀಳಬಾರದು, ಅದಕ್ಕಾಗಿ ಎರಡು ಮಾತು.

ಪಕ್ಷೇತರ ಎಂದರೆ ಠೇವಣಿ ಕಳೆದುಕೊಳ್ಳುವವನು ಎಂದು ನಮ್ಮ ಜಿಲ್ಲೆಯಲ್ಲಿ ಯಾರೂ ಹೇಳಬಾರದು. 1952, 1957, 1962, ಮೂರು ಚುನಾವಣೆಯಲ್ಲೂ ಜೋಕಿಂ ಆಳ್ವ ಅವರು ಕಾಂಗ್ರೆಸ್ಸಿನಿಂದ ಗೆದ್ದ ಲೋಕಸಭಾ ಕ್ಷೇತ್ರ ಇದು. 1967ರಲ್ಲಿ ಇಲ್ಲಿಂದ ಪಕ್ಷೇತರರಾಗಿ ದೆಹಲಿಗೆ ಹೋದವರು ನಮ್ಮ ಅಂಕೋಲೆಯ ದಿನಕರ ದೇಸಾಯಿ. ಜನ ಅವರನ್ನು ಚುಟುಕು ಕವಿ ಎಂದು ನೆನೆಯುತ್ತಾರೆ, ಸಂಸತ್ ಸದಸ್ಯರಾಗಿದ್ದರು ಎನ್ನುವುದು ಈಗಿನ ಮಕ್ಕಳಿಗೆ ಗೊತ್ತಿಲ್ಲ. ಆದರೆ ಆ ಚುನಾವಣೆಯ ಹಿಂದೆ ಏನಿತ್ತು ನೋಡಿ. ಗೇಣಿ ರೈತರ ಹೋರಾಟ ಇತ್ತು. 1953ರಲ್ಲಿ ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳು ಇದ್ದವು. ಅವರು ಮತ ಕೇಳಲು ಹೋದ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅವರ ಶಾಲೆಯಲ್ಲಿ ಓದುತ್ತಿದ್ದ ಮಕ್ಕಳಿದ್ದರು.

ಪಂಚಾಯತಿಯನ್ನು ಸಣ್ಣದು ಎನ್ನಬೇಡ ತಮ್ಮಾ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿದ್ದಾಗ, ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳ ಕಾಯ್ದೆ ಬಂತು. 1987ರಲ್ಲಿ ಮೊದಲ ಚುನಾವಣೆ ನಡೆಯಿತು, ಕಾಲು ಭಾಗ ಸ್ಥಾನ ಮಹಿಳೆಯರಿಗೆ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆರು ವರ್ಷದ ನಂತರ, 1993ರಲ್ಲಿ. ಆ ಮೊದಲ ಚುನಾವಣೆಯಲ್ಲಿ ನಾನು ಮತಗಟ್ಟೆಯ ಕೆಲಸದಲ್ಲಿದ್ದೆ. ಒಬ್ಬ ಹಾಲಕ್ಕಿ ಅಜ್ಜಿ ಮತ ಹಾಕಿ ಹೊರಗೆ ಬಂದವರು ಬಾಗಿಲಲ್ಲೇ ನಿಂತು, "ಮಾಸ್ತರರೇ, ನಮ್ಮ ಕೇರಿಯ ಹೆಂಗಸರೂ ಇದಕ್ಕೆ ನಿಲ್ಲಬಹುದಂತೆ, ಹೌದೇ?" ಎಂದು ಕೇಳಿದರು. ಹೌದು ಎಂದೆ. ಅವರು ಮತ್ತೇನೂ ಹೇಳಲಿಲ್ಲ, ಕೊರಳಿನ ಮಣಿಸರಗಳನ್ನು ಸರಿಮಾಡಿಕೊಂಡು ಹೊರಟುಹೋದರು. ಕುಮಟಾದ ತಂಗಿ ಬರೆದದ್ದನ್ನು ಓದುವಾಗ ಆ ಅಜ್ಜಿಯ ಮುಖ ಕಣ್ಣಮುಂದೆ ಬಂತು.

ಅಘನಾಶಿನಿ ದಂಡೆ, ಕುಮಟಾ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಸಂಘದ ಹಳೆಯ ಲೆಕ್ಕದ ಪುಸ್ತಕವೊಂದರ ಹಿಂಬದಿಯಿಂದ ಬರೆಯಲು ಶುರು ಮಾಡಿದ್ದೇನೆ: ಮನೆ, ಎಷ್ಟು ಜನ, ಯಾವ ಬಾವಿ, ಯಾವ ತಿಂಗಳಿಂದ ಉಪ್ಪು. ಎರಡು ದಿನದಲ್ಲಿ ನಲವತ್ತೊಂದು ಮನೆ ಆಯಿತು. ಒಂದು ಆಶ್ಚರ್ಯ ಹೇಳಬೇಕು. ಬಡಗಣ ದಿಕ್ಕಿನ ಏಳು ಮನೆಗಳು ಬಳಸುವ ಒಂದು ಹಳೆಯ ಬಾವಿಗೆ ಮೇ ತಿಂಗಳಲ್ಲೂ ಉಪ್ಪು ಏರುವುದಿಲ್ಲವಂತೆ. ಹೂಳು ತುಂಬಿ ನೀರು ಮೊಣಕಾಲುದ್ದ ಉಳಿದಿದೆ. ಹದಿನೆಂಟು ವರ್ಷದಿಂದ ಈ ಕೇರಿಯಲ್ಲಿದ್ದೇನೆ, ನನಗೆ ಇದು ಗೊತ್ತಿರಲಿಲ್ಲ.

ವಕೀಲೆ ಅಕ್ಕಾ, ಪಂಚಾಯತಿಗೆ ಕಾಗದಪತ್ರ ಏನೇನು ಬೇಕು? ಮಹಿಳಾ ಮೀಸಲು ಬಂದರೆ ಮಾತ್ರ ನಾನು ನಿಲ್ಲಬಹುದೇ?

ವಕೀಲೆ, ಅಂಕೋಲಾ

ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಇಲ್ಲ. ಸಾಮಾನ್ಯ ಸ್ಥಾನಕ್ಕೆ ಹೆಂಗಸರು ಧಾರಾಳವಾಗಿ ನಿಲ್ಲಬಹುದು. ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು ಎಂದರೆ ಉಳಿದ ಅರ್ಧ ಗಂಡಸರಿಗೆ ಮೀಸಲು ಎಂದು ಅರ್ಥವಲ್ಲ. ಊರಿನಲ್ಲಿ ಹಾಗೆಂದೇ ನಂಬಿಸಿಟ್ಟಿದ್ದಾರೆ, ಇದನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕಾಗದಪತ್ರಕ್ಕೆ ಹೆದರಬೇಡಿ. ಆ ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು. ಪಟ್ಟಿಯ ಕ್ರಮಸಂಖ್ಯೆಯನ್ನು ಈಗಲೇ ಬರೆದಿಟ್ಟುಕೊಳ್ಳಿ, ಹೆಸರಿನ ಕಾಗುಣಿತ ನೋಡಿ. ಮೀಸಲು ಸ್ಥಾನಕ್ಕಾದರೆ ಜಾತಿ ಪ್ರಮಾಣಪತ್ರ ಬೇಕು. ನಾಮಪತ್ರದ ವಾರದಲ್ಲಿ ನಾಡಕಚೇರಿಯ ಮುಂದೆ ಸಾಲು ನಿಲ್ಲುವ ಬದಲು ಈಗಲೇ ಮಾಡಿಸಿಡಿ. ಠೇವಣಿ 2020ರಲ್ಲಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ 100 ರೂಪಾಯಿ ಇತ್ತು. ಪಂಚಾಯತಿಯ ತೆರಿಗೆ ಬಾಕಿ ಇಟ್ಟುಕೊಳ್ಳಬೇಡಿ, ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಕಟ್ಟಿ ರಸೀದಿ ಪಡೆಯಿರಿ. ಪಂಚಾಯತಿ ಕೆಲಸದ ಗುತ್ತಿಗೆಯಲ್ಲಿ ನಿಮಗೆ ಪಾಲು ಇರಬಾರದು. ನಾಮಪತ್ರವನ್ನು ಕೊನೆಯ ದಿನದ ಕೊನೆಯ ಗಂಟೆಗೆ ಕೊಡಬೇಡಿ. ಒಂದು ದಿನ ಮೊದಲು ಕೊಟ್ಟರೆ ತಪ್ಪು ಸಿಕ್ಕಿದರೂ ಇನ್ನೊಂದು ಪ್ರತಿ ಕೊಡಲು ಸಮಯವಿರುತ್ತದೆ.

ಜಮಾಬಂದಿ ಕಾಗದ ತೋರಿಸಲು ಆಗುವುದಿಲ್ಲ ಎಂದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ಜಗಳ ಮಾಡಬೇಡಿ, ಅರ್ಜಿಯ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಒಂಬತ್ತು ಮತದಿಂದ ಸೋತವಳು, ಜೊಯಿಡಾ

ಗೆದ್ದವರು ಹೇಳಿದ್ದಾಯಿತು. ಸೋತವಳ ಮಾತನ್ನೂ ಕೇಳಿ.

2020ರ ಡಿಸೆಂಬರಿನಲ್ಲಿ ನಿಂತಿದ್ದೆ. ನಮ್ಮ ವಾರ್ಡಿನಲ್ಲಿ ಮನೆಯಿಂದ ಮನೆಗೆ ಕಾಡಿನ ದಾರಿ. ದನ ಸಾಕುವ ಗೌಳಿಗರ ಕೇರಿಯಾದ ಗೌಳಿವಾಡಕ್ಕೆ ಹೋಗಿ ಬರಲು ಅರ್ಧ ದಿನ ಬೇಕು. ಪ್ರತಿ ಮನೆಗೂ ಎರಡು ಸಲ ಹೋದೆ. ಯಾರಿಗೂ ಒಂದು ಚಹಾ ಸಹ ಕೊಡಿಸಲಿಲ್ಲ, ಅವರ ಮನೆಯಲ್ಲೇ ಕುಡಿದೆ. ಎಲ್ಲರೂ "ನಿನಗೇ" ಎಂದಿದ್ದರು. ಕೊನೆಯ ಎರಡು ರಾತ್ರಿ ಎದುರಿನವರ ಜನ ತೆಂಗಿನಕಾಯಿ ಹಿಡಿದು ಬಂದು ದೇವರ ಆಣೆ ಹಾಕಿಸಿಕೊಂಡು ಹೋದರಂತೆ. ಇದು ಅಪರಾಧ ಎಂದು ನನಗೂ ಗೊತ್ತಿರಲಿಲ್ಲ, ಆಣೆ ಇಟ್ಟವರಿಗೂ ಗೊತ್ತಿರಲಿಲ್ಲ.

ಆದರೆ ನಾನು ಸೋತದ್ದು ಅದಕ್ಕಲ್ಲ. ಎಣಿಕೆಯ ದಿನ, ಡಿಸೆಂಬರ್ 30, ತಾಲ್ಲೂಕು ಕೇಂದ್ರದಲ್ಲಿ ಮೇಜಿನ ಎದುರು ಕುಳಿತಿದ್ದೆ. ಪಂಚಾಯತಿಗೆ ನಮ್ಮಲ್ಲಿ ಕಾಗದದ ಮತಪತ್ರ, ಯಂತ್ರವಲ್ಲ. ನಮ್ಮದು ಎರಡು ಸ್ಥಾನದ ವಾರ್ಡು, ಒಬ್ಬರು ಎರಡು ಮತ ಹಾಕಬಹುದು. ತಿರಸ್ಕೃತ ಮತಗಳ ಕಟ್ಟು ಬೆಳೆಯುತ್ತಾ ಹೋಯಿತು. ಒಂದು ಪತ್ರವನ್ನು ಅಧಿಕಾರಿ ಎತ್ತಿ ತೋರಿಸಿದರು. ಮೂರು ಮುದ್ರೆ ಇತ್ತು, ಮೂರೂ ಅಚ್ಚುಕಟ್ಟಾಗಿ ಚಿಹ್ನೆಯ ಮೇಲೆಯೇ ಬಿದ್ದಿದ್ದವು. ಎರಡಕ್ಕಿಂತ ಹೆಚ್ಚಾದ್ದರಿಂದ ಇಡೀ ಪತ್ರವೇ ಹೋಯಿತು. ಇನ್ನೊಂದರಲ್ಲಿ ಮುದ್ರೆ ನನ್ನ ಚಿಹ್ನೆಗೂ ಕೆಳಗಿನವರ ಚಿಹ್ನೆಗೂ ನಡುವಿನ ಗೆರೆಯ ಮೇಲೆ ಸರಿಯಾಗಿ ಕುಳಿತಿತ್ತು. ಅದೂ ಹೋಯಿತು. ಒಟ್ಟು ಇಪ್ಪತ್ತಾರು ಪತ್ರ ಹೋದವು, ನಾನು ಸೋತದ್ದು ಒಂಬತ್ತರಲ್ಲಿ. ಮನೆಮನೆಗೆ ಎರಡು ಸಲ ಹೋದವಳು ಒಂದು ಸಲವೂ ಮಾದರಿ ಮತಪತ್ರ ತೋರಿಸಿ, "ಮುದ್ರೆ ಇಲ್ಲಿ ಒತ್ತಬೇಕು, ಗೆರೆಗೆ ತಾಗಬಾರದು, ಎರಡು ಮೀರಬಾರದು" ಎಂದು ಹೇಳಿಕೊಟ್ಟಿರಲಿಲ್ಲ. ವಯಸ್ಸಾದವರು ಮುಂಚೆ ಯಂತ್ರದ ಗುಂಡಿ ಒತ್ತಿದ್ದೇ ನೆನಪಿಟ್ಟುಕೊಂಡು ಬಂದಿದ್ದರು.

ತಂಗಿ, ಪ್ರಚಾರದ ಕೊನೆಯ ವಾರವನ್ನು ಪೂರ್ತಿ ಇದಕ್ಕೇ ಇಡಿ. ಮತ ಸಮವಾದರೆ ಚೀಟಿ ಎತ್ತಿ ತೀರ್ಮಾನಿಸುತ್ತಾರೆ, ಒಂದೊಂದು ಮತಕ್ಕೂ ಅಷ್ಟು ಬೆಲೆ.

ಸೋತ ಮರುದಿನ ಎದ್ದು ಗದ್ದೆಗೆ ಹೋಗುವುದು ಕಷ್ಟವಾಗಿತ್ತು. ಅಮ್ಮ ಬುತ್ತಿ ಕಟ್ಟಿಕೊಟ್ಟು, ಏನೂ ಕೇಳದೆ, ನನ್ನ ಜೊತೆ ಬಂದರು. ಆ ವರ್ಷದಿಂದ ಇಂದಿನವರೆಗೆ ನಾನು ಒಂದು ಗ್ರಾಮಸಭೆಯನ್ನೂ ಬಿಟ್ಟಿಲ್ಲ. ಗೌಳಿವಾಡದ ದಾರಿಗೆ ಮೋರಿ ಹಾಕಿಸಿದ್ದು ಸದಸ್ಯೆಯಾಗದ ನಾನು ಕೊಟ್ಟ ಅರ್ಜಿಯಿಂದ.

ಅಡಿಕೆ ತೋಟ, ಶಿರಸಿ

ಜೊಯಿಡಾದ ತಂಗಿ ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. ಮೊದಲು ಹೇಳಿದ್ದನ್ನು ನಾನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ನಿಲ್ಲುವುದೇ ಆದರೆ ಒಂದು ಕೆಲಸ ಮಾಡಿ. ಎದುರಿಗೆ ಯಾರು ನಿಲ್ಲುತ್ತಾರೆಂದು ಗೊತ್ತಾದ ದಿನವೇ ಅವರ ಮನೆಗೆ ಹೋಗಿ ಹೇಳಿ ಬನ್ನಿ. ನನ್ನ ತಮ್ಮ ಅದನ್ನು ಮಾಡಲಿಲ್ಲ. ಪಕ್ಕದ ಮನೆಯವರಿಗೆ ತಿಳಿದದ್ದು ಬೇರೆಯವರ ಬಾಯಿಂದ.

ಊರವರು ದೇವಸ್ಥಾನದಲ್ಲಿ ಕೂರಿಸಿ ಅವಿರೋಧ ಆಯ್ಕೆಗೆ ಒತ್ತಾಯ ಮಾಡಿದರೆ ಏನು ಮಾಡಬೇಕು ಎನ್ನುವುದನ್ನೂ ಯಾರಾದರೂ ಹೇಳಿ. ನಮ್ಮ ಕಡೆ ಅದು ಉಂಟು.

ನಿವೃತ್ತ ಮಾಸ್ತರ, ಅಂಕೋಲಾ

ಎಲ್ಲರೂ ಮನಸಾರೆ ಒಪ್ಪಿ ಒಬ್ಬರೇ ನಾಮಪತ್ರ ಕೊಟ್ಟರೆ ಅವಿರೋಧ, ಅದರಲ್ಲಿ ತಪ್ಪಿಲ್ಲ. ಹಣ ಕೊಟ್ಟವರಿಗೆ ಸ್ಥಾನ ಎಂದಾದರೆ ಅದು ಹರಾಜು. 2020ರಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಬಂದಾಗ ರಾಜ್ಯ ಚುನಾವಣಾ ಆಯೋಗ ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿತ್ತು. ದೇವಸ್ಥಾನಕ್ಕೆ ದೇಣಿಗೆ ಎಂಬ ಹೆಸರು ಇಟ್ಟರೂ ಹರಾಜು ಹರಾಜೇ. ತಂಗಿ, ಅಂಥ ಸಭೆಗೆ ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಜನರನ್ನು ಕರೆದುಕೊಂಡು ಹೋಗಿ.

ಎರಡು ಅವಧಿಯ ಸದಸ್ಯೆ, ಸಿದ್ದಾಪುರ

ಗಂಡನ ವಿಷಯ ಬರೆಯುತ್ತೇನೆ ಎಂದಿದ್ದೆ.

ಮೊದಲ ಸಾಮಾನ್ಯ ಸಭೆಯ ದಿನ ನಮ್ಮವರು ನನ್ನನ್ನು ಬೈಕಿನಲ್ಲಿ ಬಿಟ್ಟು ಹೋಗಲು ಬಂದಿದ್ದರು. ಒಳಗಿದ್ದವರೊಬ್ಬರು ಅವರನ್ನು ಕರೆದು ಕುರ್ಚಿ ಕೊಟ್ಟರು. ನಾನು ಗೋಡೆಯ ಬದಿಯ ಬೆಂಚಿನ ಮೇಲೆ ಕುಳಿತೆ. ಹಾಜರಿ ಪುಸ್ತಕ ಅವರ ಮುಂದೆ ಹೋಯಿತು, "ಸಹಿ ಮನೆಗೆ ಹೋಗಿ ಮಾಡಿಸಿದರೂ ಆಗುತ್ತದೆ" ಎಂದರು. ನಮ್ಮವರು ಒಳ್ಳೆಯವರು, ಅವರಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಎದ್ದು ಹೋಗಿ ಪುಸ್ತಕ ತೆಗೆದುಕೊಂಡು ಸಹಿ ಮಾಡಿದೆ. "ನೀವು ಹೊರಡಿ, ಹಸುವಿಗೆ ಹುಲ್ಲು ಹಾಕುವ ಹೊತ್ತಾಯಿತು" ಎಂದೆ. ಕೈ ನಡುಗುತ್ತಿತ್ತು, ಸಹಿ ಗೆರೆಯಿಂದ ಕೆಳಗೆ ಇಳಿದುಬಿಟ್ಟಿತ್ತು. ಅವರು ಒಂದು ಗಳಿಗೆ ನನ್ನ ಮುಖ ನೋಡಿ ಹೊರಟರು. ಮನೆಯಲ್ಲಿ ಎರಡು ದಿನ ಮಾತು ಕಡಿಮೆ ಇತ್ತು. ಮೂರನೆಯ ದಿನ ಅವರೇ "ಸಭೆಯಲ್ಲಿ ಏನಾಯಿತು?" ಎಂದು ಕೇಳಿದರು. ಹತ್ತು ವರ್ಷದಲ್ಲಿ ಅವರು ಮತ್ತೆ ಸಭೆಯೊಳಗೆ ಬರಲಿಲ್ಲ.

ಇದನ್ನು ಗೆದ್ದ ಮೇಲೆ ಹೇಳಿಕೊಳ್ಳುತ್ತೇನೆ ಎಂದರೆ ತಡವಾಗುತ್ತದೆ. ನಾಮಪತ್ರಕ್ಕೆ ಮೊದಲೇ, ನಿಮ್ಮ ಗಂಡ ಗೋವಾದಿಂದ ಬಂದಾಗ, ಊಟಕ್ಕೆ ಕುಳಿತು ಮಾತನಾಡಿ. ಗೌರವಧನ ಮನೆ ಖರ್ಚಿಗೆ ಆಗುವಂಥದ್ದಲ್ಲ, ಹೊಲಿಗೆ ಬಿಡಲು ಆಗುವುದಿಲ್ಲ ಎನ್ನುವುದನ್ನೂ ಹೇಳಿ. ತಿಂಗಳಿಗೆ ಎಷ್ಟು ದಿನ ಯಂತ್ರ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ.

ಅಘನಾಶಿನಿ ದಂಡೆ, ಕುಮಟಾ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ವಾರ್ಡ್ ಸಭೆ ಆಯಿತು. ದಿನಾಂಕ ಯಾವಾಗ ಎಂದು ಪಂಚಾಯತಿಗೆ ನಾಲ್ಕು ಸಲ ಹೋಗಿ ಕೇಳಿ ತಿಳಿದುಕೊಂಡೆ. ಶಾಲೆಯ ಜಗಲಿಯಲ್ಲಿ ಸಭೆ. ನಾವು ಹದಿನಾಲ್ಕು ಹೆಂಗಸರು ಹೋಗಿದ್ದೆವು, ಅತ್ತೆಯೂ ಬಂದಿದ್ದರು. ಪುಸ್ತಕ ತೆಗೆದು ಓದಿದೆ: ತೊಂಬತ್ತು ಮನೆ, 352 ಜನ, ಅಕ್ಕ ಹೇಳಿದ ಲೆಕ್ಕದ ಪ್ರಕಾರ ದಿನಕ್ಕೆ 19,360 ಲೀಟರ್, ಬರುತ್ತಿರುವುದು ಇಷ್ಟು. ಓದುವಾಗ ಗಂಟಲು ಒಣಗಿತು, ನಡುವೆ ಒಮ್ಮೆ ನಿಲ್ಲಿಸಿದೆ. ಯಾರೂ ನಗಲಿಲ್ಲ. ಬಡಗಣ ಬಾವಿಯ ಹೂಳು ತೆಗೆಸಬೇಕು, ಟ್ಯಾಂಕರ್ ಶಾಲೆಯವರೆಗೆ ಬರಬೇಕು, ಎರಡು ಬೇಡಿಕೆ ಇಟ್ಟೆವು. "ಆಯಿತು, ನೋಡೋಣ" ಎಂದರು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಬರೆದದ್ದನ್ನು ಓದಿ ಹೇಳಿ ಎಂದು ಕೇಳಿಕೊಂಡೆ. ಬರೆದರು. ಓದಿದರು. ಹದಿನಾಲ್ಕೂ ಜನ ಸಹಿ ಮಾಡಿದೆವು. ಅತ್ತೆ ಹೆಬ್ಬೆಟ್ಟು ಒತ್ತಿದರು, ಮುರಿದಿದ್ದ ಕೈಯದೇ.

ಗಂಡನ ಹತ್ತಿರ ಮಾತನಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಣ ಎಷ್ಟು ಬೇಕಾಗುತ್ತದೆ ಎಂದು ಕೇಳಿದರು. ನೂರು ರೂಪಾಯಿ ಠೇವಣಿ, ಕರಪತ್ರಕ್ಕೆ ಒಂದಿಷ್ಟು ಎಂದೆ. ನಂಬಲಿಲ್ಲ. ವಕೀಲೆ ಅಕ್ಕ ಬರೆದದ್ದನ್ನು ತೋರಿಸಿದೆ. ಮನೆ ತೆರಿಗೆ ಮೂರು ವರ್ಷದ್ದು ಬಾಕಿ ಇತ್ತು, ಮರುದಿನ ಅವರೇ ಹೋಗಿ ಕಟ್ಟಿ ಬಂದರು.

ಮೀಸಲು ಪಟ್ಟಿಯಲ್ಲಿ ನಮ್ಮ ವಾರ್ಡಿಗೆ ಏನು ಬರುತ್ತದೋ ಯಾರಿಗೂ ತಿಳಿದಿಲ್ಲ. ಸಾಮಾನ್ಯ ಸ್ಥಾನ ಬಂದರೂ ನಿಲ್ಲುತ್ತೇನೆ. ನಾನು ನಿಲ್ಲಲಾಗದ ವರ್ಗಕ್ಕೇ ಹೋದರೆ ಸಂಘದಲ್ಲಿ ಒಬ್ಬಳಿದ್ದಾಳೆ, ಬಡಗಣ ಬಾವಿಯ ವಿಷಯ ನನಗೆ ಹೇಳಿದವಳು. ಅವಳ ನಾಮಪತ್ರಕ್ಕೆ ನಾನು ಸೂಚಕಿ. ಇದನ್ನು ಅವಳಿಗೆ ಹೇಳಿ ಒಪ್ಪಿಸಿದ್ದೇನೆ. ಜೊಯಿಡಾದ ಅಕ್ಕ ಹೇಳಿದಂತೆ ಮಾದರಿ ಮತಪತ್ರವನ್ನು ಹೊಲಿಗೆಯ ಕಾಗದದ ಮೇಲೆ ಗೆರೆ ಎಳೆದು ಮಾಡಿಟ್ಟಿದ್ದೇನೆ, ಮುದ್ರೆಗೆ ಮಗನ ರಬ್ಬರ್ ಕತ್ತರಿಸಿಕೊಂಡೆ.

ಹನ್ನೊಂದು ಮನೆಗಳವರನ್ನು ಇನ್ನೂ ಮಾತನಾಡಿಸಬೇಕು. ಹಗಲೆಲ್ಲ ಹೊಳೆಯಲ್ಲಿರುತ್ತಾರೆ, ಮನೆಯಲ್ಲಿ ಸಿಗುವುದಿಲ್ಲ. ನಾಳೆ ಬೆಳಿಗ್ಗೆ ಆರಕ್ಕೆ ಇಳಿತ. ಬಳಚು (ಹೊಳೆಯ ಚಿಪ್ಪು) ಹೆಕ್ಕಲು ಅವರ ಜೊತೆಯಲ್ಲೇ ಇಳಿಯುತ್ತೇನೆ.